ಗುಣವಾಗದ ರೋಗ, ಮುಗಿಯದ ಕರ್ತವ್ಯ: ಉಪಶಾಮಕ ವೈದ್ಯದಲ್ಲಿ ನೀತಿ ಮತ್ತು ಆಧ್ಯಾತ್ಮಿಕ ಆರೈಕೆ



'ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ' ಎಂಬ ಮಾತನ್ನು ವೈದ್ಯರ ಬಾಯಿಂದ ಕೇಳಿದ ಕುಟುಂಬಗಳು ನಾಡಿನ ಪ್ರತಿ ಊರಿನಲ್ಲಿಯೂ ಇವೆ. ಆ ಮಾತಿನ ಬೆನ್ನಿಗೇ ಪ್ರಶ್ನೆಗಳು ಏಳುತ್ತವೆ. ರೋಗದ ಸತ್ಯವನ್ನು ರೋಗಿಗೆ ತಿಳಿಸಬೇಕೆ? ನೋವಿಗೆ ಮಾರ್ಫಿನ್ ಕೊಟ್ಟರೆ ಆಯುಷ್ಯ ಕಡಿಮೆಯಾಗುವುದೆ? ವೆಂಟಿಲೇಟರ್ ಬೇಡವೆಂದು ಹೇಳಿದರೆ ಹೆತ್ತವರನ್ನು ನಾವೇ ಕೊಂದಂತಾಗುವುದೆ? ಅನ್ನ ನೀರು ಬೇಡವೆನ್ನುವವರಿಗೆ ಒತ್ತಾಯದಿಂದ ಉಣಿಸಬೇಕೆ? ಇವು ವೈದ್ಯರ ಮುಂದೆ ಬರುವಂತೆಯೇ ಮಠಗಳ ಬಾಗಿಲಿಗೂ ಬರುವ ಪ್ರಶ್ನೆಗಳು. ಔಷಧದ ಜ್ಞಾನವೊಂದರಿಂದಲೇ ಇವುಗಳಿಗೆ ಉತ್ತರ ದೊರೆಯುವುದಿಲ್ಲ. ಧರ್ಮ, ಕಾನೂನು, ಮನುಷ್ಯ ಸಂಬಂಧ ಇವೆಲ್ಲವೂ ಅವುಗಳಲ್ಲಿ ಹೆಣೆದುಕೊಂಡಿವೆ.

ಆದ್ದರಿಂದ ಈ ವಿಷಯದ ಬಗೆಗೆ ಭಕ್ತರಿಗೆ ತಿಳಿದಿರಬೇಕಾದ ಸಂಗತಿಗಳನ್ನು ಒಂದೆಡೆ ಕ್ರೋಡೀಕರಿಸಿ ಇಲ್ಲಿ ಕೊಡುತ್ತಿದ್ದೇವೆ. ಇಡೀ ಲೇಖನದ ಸಾರವನ್ನು ಮೊದಲೇ ಹೇಳಿಬಿಡುವುದಾದರೆ ಅದು ಇಷ್ಟು: ರೋಗವನ್ನು ಗುಣಪಡಿಸುವ ಸಾಮರ್ಥ್ಯ ಮುಗಿದ ಮೇಲೂ ನೋವನ್ನು ತಗ್ಗಿಸುವ, ಸತ್ಯವನ್ನು ನುಡಿಯುವ, ಜೊತೆಯಲ್ಲಿರುವ ಕರ್ತವ್ಯ ಮುಗಿಯುವುದಿಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ಬಿಟ್ಟರೆ ರೋಗಿಯನ್ನು ಬಿಟ್ಟಂತಾಗುವುದಿಲ್ಲ.

ಉಪಶಾಮಕ ಆರೈಕೆ ಎಂದರೇನು?

ಗಂಭೀರ ರೋಗದಿಂದ ಬಳಲುವವರ ಮತ್ತು ಅವರ ಕುಟುಂಬದವರ ಬದುಕಿನ ಗುಣಮಟ್ಟವನ್ನು ಉತ್ತಮಪಡಿಸುವ ವೈದ್ಯಕೀಯ ಶಾಖೆಗೆ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ ಶಾರೀರಿಕ, ಮಾನಸಿಕ ಹಾಗೂ ಸಾಮಾಜಿಕ ನೋವುಗಳ ಜೊತೆಗೆ ಆಧ್ಯಾತ್ಮಿಕ ನೋವನ್ನೂ ಹೆಸರಿಸಲಾಗಿದೆ. ಆಧ್ಯಾತ್ಮಿಕ ಆರೈಕೆ ಈ ವೈದ್ಯಕ್ಕೆ ಹೊರಗಿನಿಂದ ಸೇರಿಸಿದ ಅಲಂಕಾರವಾಗಿರದೆ ಅದರ ಅಂಗವೇ ಆಗಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಆರೈಕೆ ಕೊನೆಯ ವಾರದಲ್ಲಿ ಮಾತ್ರ ಬೇಕಾಗುವಂಥದ್ದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕ್ಯಾನ್ಸರ್, ಹೃದಯ ವೈಫಲ್ಯ, ಮೂತ್ರಪಿಂಡದ ವೈಫಲ್ಯ, ದೀರ್ಘಕಾಲದ ಶ್ವಾಸಕೋಶ ರೋಗ, ಪಾರ್ಶ್ವವಾಯು, ಮರೆವಿನ ರೋಗ ಇವುಗಳಲ್ಲಿ ಮೂಲ ಚಿಕಿತ್ಸೆ ನಡೆಯುತ್ತಿರುವಾಗಲೇ ಇದನ್ನು ಆರಂಭಿಸಬಹುದು. ಅಮೆರಿಕದ ಬಾಸ್ಟನ್ ನಗರದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರಂಭದಿಂದಲೇ ಉಪಶಾಮಕ ಆರೈಕೆ ಪಡೆದವರು ಕಡಿಮೆ ಖಿನ್ನತೆ ಅನುಭವಿಸಿದರು, ಕೊನೆಯ ದಿನಗಳಲ್ಲಿ ತೀವ್ರ ಚಿಕಿತ್ಸೆಗಳನ್ನು ಕಡಿಮೆ ಪಡೆದರು. ಆದರೂ ಉಳಿದವರಿಗಿಂತ ಹೆಚ್ಚು ಕಾಲ ಬದುಕಿದರು. ಅವರ ಬದುಕುಳಿದ ಮಧ್ಯಾಂಕ ಅವಧಿ 11.6 ತಿಂಗಳು, ಸಾಮಾನ್ಯ ಆರೈಕೆ ಮಾತ್ರ ಪಡೆದವರದು 8.9 ತಿಂಗಳು. 'ಉಪಶಾಮಕ ಆರೈಕೆಗೆ ಒಪ್ಪಿದರೆ ಆಶೆಯನ್ನು ಕೈಬಿಟ್ಟಂತೆ' ಎಂಬ ಭಯಕ್ಕೆ ಇದು ತಕ್ಕ ಉತ್ತರ.

ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 5 ಕೋಟಿ 68 ಲಕ್ಷ ಜನರಿಗೆ ಈ ಆರೈಕೆಯ ಅಗತ್ಯವಿದ್ದು, ಅವರಲ್ಲಿ ಶೇಕಡಾ 14ರಷ್ಟು ಜನರಿಗೆ ಮಾತ್ರ ಅದು ದೊರೆಯುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಬೆಳೆದು ಬಂದ ದಾರಿ

ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅವರು ಈ ವೈದ್ಯದ ಆಧುನಿಕ ರೂಪಕ್ಕೆ ಬುನಾದಿ ಹಾಕಿದವರು. 1918ರಲ್ಲಿ ಜನಿಸಿದ ಅವರು ಮೊದಲು ದಾದಿಯಾಗಿ, ಬಳಿಕ ಆಸ್ಪತ್ರೆಯ ಸಮಾಜ ಸೇವಕಿಯಾಗಿ ದುಡಿದು, ಸಾಯುವವರ ನೋವನ್ನು ವೈದ್ಯರು ಗಮನಿಸುತ್ತಿಲ್ಲವೆಂಬ ಕಾರಣಕ್ಕಾಗಿಯೇ ನಂತರ ವೈದ್ಯಶಾಸ್ತ್ರ ಓದಿದರು. ಪೋಲೆಂಡಿನಿಂದ ವಲಸೆ ಬಂದಿದ್ದ ಡೇವಿಡ್ ತಾಸ್ಮಾ ಎಂಬ ಯಹೂದಿ ರೋಗಿ 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಾಯುವ ಮುನ್ನ, ಅವರು ಮುಂದೆ ಕಟ್ಟಲಿರುವ ಮನೆಯಲ್ಲಿ ತಾನೊಂದು ಕಿಟಕಿಯಾಗಬೇಕೆಂದು ಬಯಸಿ 500 ಪೌಂಡುಗಳನ್ನು ಬಿಟ್ಟುಹೋದನು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದಾಗ ಆ ಕಿಟಕಿಗೆ ಅಲ್ಲಿ ಸ್ಥಳ ದೊರೆಯಿತು. 2005ರಲ್ಲಿ ಸಾಂಡರ್ಸ್ ಅವರೂ ಅದೇ ಸಂಸ್ಥೆಯಲ್ಲಿ ಕೊನೆಯುಸಿರೆಳೆದರು.

ಅವರು ನೀಡಿದ ಮುಖ್ಯ ಪರಿಕಲ್ಪನೆ 'ಸಮಗ್ರ ನೋವು'. ದೇಹದ ನೋವು, ಮನಸ್ಸಿನ ಅಳಲು, ಮನೆಯ ಹಾಗೂ ಹಣದ ಚಿಂತೆ, ಬದುಕಿನ ಅರ್ಥದ ಬಗೆಗಿನ ತಳಮಳ ಇವು ನಾಲ್ಕೂ ಒಂದರೊಳಗೊಂದು ಬೆರೆತಿರುತ್ತವೆ; ಒಂದನ್ನು ಮರೆತರೆ ಉಳಿದವೂ ಶಮನವಾಗುವುದಿಲ್ಲ ಎಂಬುದು ಅದರ ತಿರುಳು. ಮಗಳ ಮದುವೆಯ ಸಾಲದ ಚಿಂತೆಯಲ್ಲಿರುವವನಿಗೆ ಎಷ್ಟು ಗುಳಿಗೆ ಕೊಟ್ಟರೂ ರಾತ್ರಿ ನಿದ್ರೆ ಬಾರದಿರುವುದು ಇದಕ್ಕೆ ನಮ್ಮ ಊರುಗಳಲ್ಲಿಯೇ ಕಾಣುವ ಉದಾಹರಣೆ.

ಭಾರತದ ಮೊದಲ ಹಾಸ್ಪೈಸ್ ಆದ ಶಾಂತಿ ಅವೇದನಾ ಸದನವು 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಹಾಗೂ ಉಪಶಾಮಕ ಆರೈಕೆಯ ಸಂಘವೊಂದನ್ನು ಕಟ್ಟಿದರು. ಅಲ್ಲಿಂದ ಬೆಳೆದ ಚಳವಳಿಯಲ್ಲಿ ತರಬೇತಿ ಪಡೆದ ನೆರೆಹೊರೆಯ ಸ್ವಯಂಸೇವಕರು ದಾದಿಯರ ಜೊತೆಗೆ ರೋಗಿಗಳ ಮನೆಗೇ ಹೋಗತೊಡಗಿದರು. 2008ರಲ್ಲಿ ಕೇರಳ ಸರ್ಕಾರ ಈ ಕುರಿತು ನೀತಿಯೊಂದನ್ನು ಪ್ರಕಟಿಸಿ, ಸ್ಥಳೀಯ ಸಂಸ್ಥೆಗಳನ್ನು ಈ ಕಾರ್ಯದಲ್ಲಿ ತೊಡಗಿಸಿತು. ನಮ್ಮ ರಾಜ್ಯದಲ್ಲಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ 'ಕರುಣಾಶ್ರಯ'ವು ಮಾರತ್ತಹಳ್ಳಿಯಲ್ಲಿ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತ ಬಂದಿದೆ.

ನಾಲ್ಕು ನೀತಿ ತತ್ತ್ವಗಳು

ಅಮೆರಿಕದ ಬೋಷಾಂ ಮತ್ತು ಚಿಲ್ಡ್ರೆಸ್ ಎಂಬ ವಿದ್ವಾಂಸರು 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವೈದ್ಯಕೀಯ ನೀತಿಗೆ ನಾಲ್ಕು ತತ್ತ್ವಗಳನ್ನು ನಿರೂಪಿಸಿದರು. ಅವು ಇಂದು ಜಗತ್ತಿನ ಬಹುಪಾಲು ವೈದ್ಯಕೀಯ ಶಾಲೆಗಳಲ್ಲಿ ಪಾಠವಾಗಿವೆ. ಮೊದಲನೆಯದು ರೋಗಿಯ ಸ್ವಾಯತ್ತತೆ: ತನ್ನ ದೇಹಕ್ಕೆ ಸಂಬಂಧಿಸಿದ ನಿರ್ಧಾರ ಮಾಡುವ ಹಕ್ಕು ರೋಗಿಯದು. ಎರಡನೆಯದು ಹಿತಸಾಧನೆ. ಮೂರನೆಯದು ಹಾನಿ ಮಾಡದಿರುವುದು. ನಾಲ್ಕನೆಯದು ನ್ಯಾಯ: ಇರುವ ಸೌಕರ್ಯ ಎಲ್ಲರಿಗೂ ಸಮನಾಗಿ ದೊರೆಯಬೇಕು.

ಕೊನೆಯ ಹಂತದಲ್ಲಿ ಈ ತತ್ತ್ವಗಳು ಪರಸ್ಪರ ಸೆಣಸುತ್ತವೆ. ಹಿತ ಮಾಡಬೇಕೆಂಬ ಆತುರದಲ್ಲಿ ಕುಟುಂಬವು ಸತ್ಯವನ್ನು ಮುಚ್ಚಿಟ್ಟರೆ ಸ್ವಾಯತ್ತತೆಗೆ ಭಂಗ ಬರುತ್ತದೆ. ಪ್ರಾಣ ಉಳಿಸಬೇಕೆಂಬ ಹಟದಲ್ಲಿ ಫಲವಿಲ್ಲದ ಯಂತ್ರಗಳನ್ನು ಜೋಡಿಸಿದರೆ ಹಾನಿಯಾಗುತ್ತದೆ. ಹೊಲ ಮಾರಿ ಹತ್ತು ದಿನ ತೀವ್ರ ನಿಗಾ ಘಟಕದ ವೆಚ್ಚ ಕಟ್ಟಿದ ಕುಟುಂಬದಲ್ಲಿ ಉಳಿದವರ ಬದುಕು ಮುರಿದುಬೀಳುತ್ತದೆ. ಅದು ನ್ಯಾಯದ ಪ್ರಶ್ನೆ. ಈ ಸೆಣಸಾಟಕ್ಕೆ ಸಿದ್ಧ ಸೂತ್ರವಿಲ್ಲ. ಆದರೆ ರೋಗಿಯನ್ನೇ ಕೇಳಿ ಆರಂಭಿಸಿದರೆ ಅರ್ಧ ತೊಡಕು ಬಿಡಿಸಿದಂತೆ.

ಸತ್ಯವನ್ನು ಹೇಳಬೇಕೆ?

ನಮ್ಮ ಸಮಾಜದಲ್ಲಿ ಅತ್ಯಂತ ಸಾಮಾನ್ಯವಾದ ವಿನಂತಿ ಇದು: 'ಡಾಕ್ಟರೇ, ಅವರಿಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾರೆ.' ಇದರ ಹಿಂದಿರುವುದು ಪ್ರೀತಿಯೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇದರ ಪರಿಣಾಮವನ್ನು ಯೋಚಿಸಬೇಕು. ತನ್ನ ದೇಹ ಕುಗ್ಗುತ್ತಿರುವುದನ್ನು ರೋಗಿ ಅರಿಯದಿರುವುದಿಲ್ಲ. ಮನೆಯವರು ಕಣ್ಣು ತಪ್ಪಿಸಿ ಮಾತನಾಡುವುದು, ಬಾಗಿಲ ಹೊರಗೆ ಪಿಸುಮಾತು ನಡೆಯುವುದು ಅವನಿಗೆ ಕೇಳಿಸುತ್ತದೆ. ಮನೆಯವರು ರೋಗಿಯಿಂದ, ರೋಗಿ ಮನೆಯವರಿಂದ ಸತ್ಯವನ್ನು ಅಡಗಿಸುತ್ತಾರೆ. ಹೀಗೆ ಜನರ ನಡುವೆ ಇದ್ದೂ ರೋಗಿ ಒಂಟಿಯಾಗುತ್ತಾನೆ. ಆಸ್ತಿಯ ವ್ಯವಸ್ಥೆ, ಮುರಿದ ಸಂಬಂಧದ ದುರಸ್ತಿ, ಕ್ಷಮೆ ಕೇಳುವ ಮತ್ತು ಕೊಡುವ ಅವಕಾಶ, ಕೊನೆಯ ಬಾರಿ ಹುಟ್ಟೂರು ನೋಡುವ ಆಸೆ ಇವೆಲ್ಲವೂ ಕೈತಪ್ಪುತ್ತವೆ.

ಸತ್ಯ ಹೇಳುವುದೆಂದರೆ ಒಮ್ಮೆಲೇ ಎಲ್ಲವನ್ನೂ ಮುಖಕ್ಕೆ ಹೇಳಿಬಿಡುವುದಲ್ಲ. ರೋಗಿಗೆ ಈಗಾಗಲೇ ಏನು ತಿಳಿದಿದೆ, ಇನ್ನೆಷ್ಟು ತಿಳಿಯಲು ಇಚ್ಛೆಯಿದೆ ಎಂಬುದನ್ನು ಮೊದಲು ಕೇಳಬೇಕು. ಕೇಳಿದಷ್ಟನ್ನು ಮೆಲ್ಲನೆ, ಸರಳ ಮಾತಿನಲ್ಲಿ ಹೇಳಿ, ನಂತರ ಮೌನವಾಗಿ ಕುಳಿತಿರಬೇಕು. 'ನನಗೆ ಹೇಳಬೇಡಿ, ಮಗನಿಗೆ ಹೇಳಿ' ಎಂದು ರೋಗಿಯೇ ಬಯಸಿದರೆ ಅದೂ ಅವನ ಹಕ್ಕು. ತಿಳಿಯುವ ಹಕ್ಕಿನಲ್ಲಿ ತಿಳಿಯದಿರುವ ಹಕ್ಕೂ ಸೇರಿದೆ. ಆದರೆ ಆ ಆಯ್ಕೆ ರೋಗಿಯದಾಗಿರಬೇಕು, ಅವನ ಪರವಾಗಿ ಬೇರೆಯವರು ಮಾಡಿದ್ದಾಗಿರಬಾರದು.

ಮಾರ್ಫಿನ್ ಕುರಿತ ಭಯ

ತೀವ್ರ ನೋವಿಗೆ, ವಿಶೇಷವಾಗಿ ಕ್ಯಾನ್ಸರ್ ನೋವಿಗೆ, ಬಾಯಿಯ ಮೂಲಕ ಕೊಡುವ ಮಾರ್ಫಿನ್ ಗುಳಿಗೆ ಕಡಿಮೆ ವೆಚ್ಚದ, ಪರಿಣಾಮಕಾರಿಯಾದ ಔಷಧ. ಸಾಮಾನ್ಯ ನೋವುನಿವಾರಕದಿಂದ ಆರಂಭಿಸಿ ಅಗತ್ಯಕ್ಕೆ ತಕ್ಕಂತೆ ಮಾರ್ಫಿನ್‌ವರೆಗೆ ಏರುವ ಮೂರು ಮೆಟ್ಟಿಲುಗಳ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಪ್ರಕಟಿಸಿತು. ಔಷಧಕ್ಕಾಗಿ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಹೀಗಿದ್ದರೂ ಮಾದಕ ವಸ್ತುಗಳ ನಿಯಂತ್ರಣಕ್ಕಾಗಿ 1985ರಲ್ಲಿ ಬಂದ ಕಾಯಿದೆಯ ಕಟ್ಟುನಿಟ್ಟಿನಿಂದಾಗಿ ದೀರ್ಘಕಾಲ ನಮ್ಮ ರೋಗಿಗಳಿಗೆ ಅದು ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಈ ನಿಯಮಗಳನ್ನು ದೇಶದಾದ್ಯಂತ ಏಕರೂಪಗೊಳಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇಂಥ ಔಷಧಗಳನ್ನು ಇಟ್ಟುಕೊಳ್ಳುವ ಹಾದಿಯನ್ನು ಸರಳಗೊಳಿಸಿತು.

ಕುಟುಂಬಗಳ ಭಯ ಎರಡು ಬಗೆಯದು: ಚಟವಾಗುತ್ತದೆ ಎಂಬುದೊಂದು, ಸಾವು ಬೇಗ ಬರುತ್ತದೆ ಎಂಬುದಿನ್ನೊಂದು. ತರಬೇತಿ ಪಡೆದ ವೈದ್ಯರ ಸಲಹೆಯಂತೆ, ನೋವಿನ ಪ್ರಮಾಣಕ್ಕೆ ಹೊಂದಿಸಿ, ಕಡಿಮೆ ಪ್ರಮಾಣದಿಂದ ಆರಂಭಿಸಿದಾಗ ಮಾರ್ಫಿನ್ ಸಾವನ್ನು ಬೇಗ ತರುವುದಿಲ್ಲ. ಕೊನೆಯ ಹಂತದ ನೋವಿನಲ್ಲಿ ಚಟದ ಆತಂಕಕ್ಕೂ ಅರ್ಥವಿಲ್ಲ. ಮಲಬದ್ಧತೆ, ಮೊದಲ ಕೆಲವು ದಿನಗಳ ಮಂಪರು ಮತ್ತು ಓಕರಿಕೆ ಸಾಮಾನ್ಯವಾದ ಅಡ್ಡ ಪರಿಣಾಮಗಳು, ಇವುಗಳಿಗೆ ಪರಿಹಾರವಿದೆ. ನೀತಿಶಾಸ್ತ್ರದಲ್ಲಿ 'ಇಬ್ಬಗೆ ಪರಿಣಾಮ'ದ ತತ್ತ್ವವೆಂದು ಹೆಸರಾದ ವಿಚಾರವೊಂದಿದೆ. ನೋವನ್ನು ಶಮನಗೊಳಿಸುವುದೇ ಉದ್ದೇಶವಾಗಿ, ಪ್ರಮಾಣವು ಯುಕ್ತವಾಗಿದ್ದಾಗ, ಬಯಸದಿದ್ದರೂ ಊಹಿಸಬಹುದಾದ ಅಪಾಯವೊಂದು ಅದರ ಜೊತೆಗಿದ್ದರೂ ಆ ಕಾರ್ಯ ದೋಷವಾಗುವುದಿಲ್ಲ ಎಂಬುದೇ ಆ ತತ್ತ್ವ. ನೋವಿನಿಂದ ನರಳುವವರ ಕೈಯಿಂದ ಔಷಧವನ್ನು ತಪ್ಪಿಸುವುದರಲ್ಲಿ ಪುಣ್ಯವೇನೂ ಇಲ್ಲ.

ಚಿಕಿತ್ಸೆಯ ಮಿತಿ: ಹಳದೀಪುರದ ಮಗಳಿಂದ ಇಂದಿನ ಕಾನೂನಿನವರೆಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಹಳದೀಪುರದವರಾದ ಅರುಣಾ ಶಾನಭಾಗ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಕ್ರೂರ ಹಲ್ಲೆಯಿಂದ ಅವರ ಮೆದುಳಿಗೆ ಆಘಾತವಾಗಿ, ಅವರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಉಳಿದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಕೋರಿ ಪಿಂಕಿ ವಿರಾನಿ ಅವರು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಿರಸ್ಕರಿಸಿತು. ವರ್ಷಾನುಗಟ್ಟಲೆ ಅವರನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿ ಆ ಕೋರಿಕೆಯನ್ನು ವಿರೋಧಿಸಿದ್ದರು. ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗದಂತೆ ದಾದಿಯರು ಕಾಪಾಡಿದ್ದನ್ನು ನ್ಯಾಯಾಲಯ ಮೆಚ್ಚಿಕೊಂಡಿತು. ಅದೇ ತೀರ್ಪಿನಲ್ಲಿ, ಸೂಕ್ತ ಪ್ರಕರಣಗಳಲ್ಲಿ ಹೈಕೋರ್ಟಿನ ಅನುಮತಿ ಪಡೆದು ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದು ಮೊದಲ ಬಾರಿಗೆ ಹೇಳಿತು. ಅರುಣಾ ಅವರು 2015ರ ಮೇ 18ರಂದು ನ್ಯುಮೋನಿಯಾದಿಂದ ನಿಧನರಾದರು.

ಒಂದು ಜೀವದ ಸುತ್ತ ಇಲ್ಲಿ ಎರಡು ಸತ್ಯಗಳು ನಿಂತಿವೆ. ಪ್ರಜ್ಞೆ ಮರಳದ ದೇಹಕ್ಕೂ ಘನತೆಯಿದೆ, ಅದನ್ನು ಸೇವಿಸುವ ಕೈಗಳಲ್ಲಿ ದೊಡ್ಡ ಧರ್ಮವಿದೆ ಎಂಬುದು ಒಂದು. ಯಂತ್ರಗಳಿಂದ ಸಾವನ್ನು ಮುಂದೂಡುವುದಕ್ಕೆ ಒಂದು ಮಿತಿ ಇರಬೇಕೆಂಬುದು ಇನ್ನೊಂದು.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಕಾಮನ್ ಕಾಸ್ ಪ್ರಕರಣದಲ್ಲಿ, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ತೀರ್ಪಿತ್ತಿತು. ಮುಂಗಡ ವೈದ್ಯಕೀಯ ನಿರ್ದೇಶನ ಪತ್ರಕ್ಕೆ ಮಾನ್ಯತೆ ನೀಡಿತು. ಅದರ ವಿಧಾನ ಬಹಳ ತೊಡಕಿನದಾಗಿದ್ದುದರಿಂದ 2023ರ ಜನವರಿ 24ರಂದು ಅದನ್ನು ಸರಳಗೊಳಿಸಲಾಯಿತು. ಈ ಆದೇಶವನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಪ್ರಾಣ ತೆಗೆಯುವ ಉದ್ದೇಶದಿಂದ ಚುಚ್ಚುಮದ್ದು ಕೊಡುವುದು ಭಾರತದಲ್ಲಿ ಇಂದಿಗೂ ಅಪರಾಧ. ಫಲವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವುದು ಅಥವಾ ಹಿಂತೆಗೆಯುವುದು ಅದಕ್ಕಿಂತ ಬೇರೆ. ಅಲ್ಲಿ ಸಾವಿಗೆ ಕಾರಣವಾಗುವುದು ಮೂಲ ರೋಗ. ಈ ಎರಡರ ಗೊಂದಲ ತಪ್ಪಿಸಲೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2018ರ ತನ್ನ ಪದ ವಿವರಣೆಯಲ್ಲಿ 'ನಿಷ್ಕ್ರಿಯ ದಯಾಮರಣ' ಎಂಬ ಮಾತನ್ನೇ ಕೈಬಿಡುವಂತೆ ಸೂಚಿಸಿತು. ವೆಂಟಿಲೇಟರ್ ಬೇಡವೆಂದ ಮಗ ತಂದೆಯನ್ನು ಕೊಂದವನಲ್ಲ. ಈ ಮಾತನ್ನು ಭಕ್ತರಿಗೆ ನಾವು ಖಚಿತವಾಗಿ ಹೇಳಬಯಸುತ್ತೇವೆ. ವರ್ಷಗಟ್ಟಲೆ ಆ ಪಾಪಭಾರವನ್ನು ಸುಮ್ಮನೆ ಹೊತ್ತು ನಡೆಯುವವರು ನಮ್ಮ ನಡುವೆ ಇದ್ದಾರೆ.

ಮುಂಗಡ ವೈದ್ಯಕೀಯ ನಿರ್ದೇಶನ ಪತ್ರ

ಇದನ್ನು ಬರೆಯುವ ಕ್ರಮವನ್ನು ಸಂಕ್ಷಿಪ್ತವಾಗಿ ಕೊಟ್ಟಿದ್ದೇವೆ.

1. ಬರೆಯುವವರು ವಯಸ್ಕರೂ ಸ್ವಸ್ಥಚಿತ್ತರೂ ಆಗಿರಬೇಕು. ಯಾರ ಒತ್ತಾಯವೂ ಇರಬಾರದು.

2. ಯಾವ ಪರಿಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂಬುದು ಸ್ಪಷ್ಟವಾಗಿರಬೇಕು. ತಮಗೆ ಅರಿವಿಲ್ಲದಾಗ ನಿರ್ಧಾರ ತಿಳಿಸಬೇಕಾದ ಪೋಷಕರ ಅಥವಾ ಹತ್ತಿರದ ಬಂಧುಗಳ ಹೆಸರು ಅದರಲ್ಲಿರಬೇಕು. ಇಬ್ಬರ ಹೆಸರು ಕೊಡುವುದು ಒಳಿತು.

3. ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು.

4. ಹೆಸರಿಸಿದ ಬಂಧುಗಳಿಗೆ, ಕುಟುಂಬದ ವೈದ್ಯರಿದ್ದರೆ ಅವರಿಗೆ, ಹಾಗೂ ಸ್ಥಳೀಯ ಸಂಸ್ಥೆಯ ಗೊತ್ತುಪಡಿಸಿದ ಅಧಿಕಾರಿಗೆ ಅದರ ಪ್ರತಿ ತಲುಪಬೇಕು.

5. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಅದನ್ನು ರದ್ದುಪಡಿಸಬಹುದು.

ರೋಗಿ ನಿರ್ಧರಿಸಲಾಗದ ಸ್ಥಿತಿ ತಲುಪಿ, ಚೇತರಿಕೆಯ ಆಶೆಯಿಲ್ಲವೆಂದು ಕಂಡಾಗ ಆಸ್ಪತ್ರೆಯು ಚಿಕಿತ್ಸೆ ನೀಡುವ ವೈದ್ಯರನ್ನೂ ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರನ್ನೂ ಒಳಗೊಂಡ ಪ್ರಾಥಮಿಕ ಮಂಡಳಿ ರಚಿಸುತ್ತದೆ. ಅದರ ಅಭಿಪ್ರಾಯವನ್ನು ಜಿಲ್ಲಾ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ವೈದ್ಯರೊಬ್ಬರು ಮತ್ತು ಬೇರೆ ಇಬ್ಬರು ತಜ್ಞರಿರುವ ದ್ವಿತೀಯ ಮಂಡಳಿ ಪರಿಶೀಲಿಸುತ್ತದೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟು ಮಟ್ಟಿಗೆ ತಲಾ 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕು. ನಿರ್ಧಾರ ಜಾರಿಯಾಗುವ ಮುನ್ನ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗುತ್ತದೆ. ಭಿನ್ನಾಭಿಪ್ರಾಯ ಬಂದರೆ ಹೈಕೋರ್ಟಿಗೆ ಹೋಗಬಹುದು. ಪತ್ರ ಬರೆದಿಡದವರ ವಿಷಯದಲ್ಲಿಯೂ ಹತ್ತಿರದ ಬಂಧುಗಳ ಒಪ್ಪಿಗೆಯೊಡನೆ ಇದೇ ಕ್ರಮ ನಡೆಯುತ್ತದೆ. ಇಷ್ಟೆಲ್ಲ ಪರಿಶೀಲನೆಯಿರುವುದು ಆಸ್ತಿಯ ಆಸೆಗೆ ಅಥವಾ ಅವಸರಕ್ಕೆ ಯಾವ ವೃದ್ಧರೂ ಬಲಿಯಾಗಬಾರದೆಂಬ ಕಾರಣಕ್ಕೆ.

ಆಧ್ಯಾತ್ಮಿಕ ಆರೈಕೆ: ಉಪದೇಶಕ್ಕಿಂತ ಆಲಿಸುವಿಕೆ

'ನನಗೇ ಏಕೆ ಹೀಗಾಯಿತು? ನನ್ನ ಬದುಕಿಗೆ ಏನು ಬೆಲೆ? ನಾನು ಹೋದ ಮೇಲೆ ಮಕ್ಕಳ ಗತಿ ಏನು? ಅಂದು ನಾನು ಮಾಡಿದ ಅನ್ಯಾಯಕ್ಕೆ ಕ್ಷಮೆ ಇದೆಯೆ?' ಇಂಥ ಪ್ರಶ್ನೆಗಳು ದೇವರನ್ನು ನಂಬುವವರಿಗೂ ನಂಬದವರಿಗೂ ಏಳುತ್ತವೆ. ಆದ್ದರಿಂದ ಆಧ್ಯಾತ್ಮಿಕ ಆರೈಕೆಯ ವ್ಯಾಪ್ತಿ ಧಾರ್ಮಿಕ ವಿಧಿಗಿಂತ ವಿಶಾಲವಾದುದು. ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ಅವರು 1990ರ ದಶಕದಲ್ಲಿ ಇದಕ್ಕಾಗಿ ನಾಲ್ಕು ಹೆಜ್ಜೆಗಳ ಸರಳ ಕ್ರಮವನ್ನು ರೂಪಿಸಿದರು. ರೋಗಿಗೆ ಬಲ ಕೊಡುವ ನಂಬಿಕೆ ಯಾವುದು? ಅವರ ಬದುಕಿನಲ್ಲಿ, ರೋಗದ ನಿರ್ಧಾರಗಳಲ್ಲಿ ಅದರ ಮಹತ್ವವೇನು? ಅವರಿಗೆ ಆಸರೆಯಾಗುವ ಸಮುದಾಯ ಯಾವುದು? ಆರೈಕೆ ಮಾಡುವವರು ಇದಕ್ಕಾಗಿ ಏನು ಮಾಡಬೇಕೆಂದು ಅವರು ಬಯಸುತ್ತಾರೆ? ಈ ಕ್ರಮವನ್ನು ಅನುಸರಿಸಲು ವೈದ್ಯರೇ ಆಗಬೇಕಾಗಿಲ್ಲ.

ಕೆನಡಾದ ಮನೋವೈದ್ಯ ಹಾರ್ವೆ ಚೋಚಿನೋವ್ ಅವರು 'ಘನತೆಯ ಚಿಕಿತ್ಸೆ' ಎಂಬ ಕ್ರಮವನ್ನು ಬೆಳೆಸಿದ್ದಾರೆ. ರೋಗಿ ತನ್ನ ಬದುಕಿನ ಮುಖ್ಯ ಸಂಗತಿಗಳನ್ನು, ಮುಂದಿನವರಿಗೆ ಹೇಳಬೇಕಾದ ಮಾತುಗಳನ್ನು ಹೇಳುತ್ತಾನೆ. ಅದನ್ನು ಬರೆದು, ತಿದ್ದಿ, ಅವನಿಗೆ ಓದಿ ತೋರಿಸಿ, ಅವನ ಪ್ರೀತಿಪಾತ್ರರಿಗೆ ಉಳಿಸಿಕೊಡಲಾಗುತ್ತದೆ. ನೇಗಿಲು ಹಿಡಿದು ಬಾಳಿದ ಅಜ್ಜನ ಮಾತನ್ನು ಮೊಮ್ಮಗಳು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡರೆ ಅದೂ ಇದೇ ಬಗೆಯ ಸೇವೆ.

ರೋಗಿಯ ಬಳಿ ಹೋಗುವ ಗುರು, ಜಂಗಮ, ಬಂಧು, ಗೆಳೆಯ ಎಲ್ಲರೂ ಪಾಲಿಸಬೇಕಾದ ಕೆಲವು ಎಚ್ಚರಗಳಿವೆ. 'ಹಿಂದಿನ ಕರ್ಮದ ಫಲ' ಎಂದು ಹೇಳಬಾರದು. ನೋವಿನಲ್ಲಿರುವವರ ಮೇಲೆ ಅಪರಾಧವನ್ನೂ ಹೊರಿಸಿದಂತಾಗುತ್ತದೆ. ಹರಕೆ, ಪೂಜೆಗಳಿಂದ ರೋಗ ಖಂಡಿತ ಗುಣವಾಗುವುದೆಂಬ ಭರವಸೆ ಮಾರಬಾರದು. ರೋಗಿಯ ದುರ್ಬಲ ಸ್ಥಿತಿಯನ್ನು ಬಳಸಿ ನಂಬಿಕೆಯನ್ನು ಬದಲಿಸಲು ಅಥವಾ ದಾನ ಬರೆಸಿಕೊಳ್ಳಲು ಯತ್ನಿಸುವುದು ಘೋರ ಅಧರ್ಮ. ರೋಗಿ ಬೇಡವೆಂದರೆ ಮರಳಿ ಬರುವುದೂ ಸೇವೆಯೇ.

ಇಷ್ಟಲಿಂಗಧಾರಿ ರೋಗಿಯ ಹಾಸಿಗೆಯ ಬಳಿ

ಪ್ರತಿ ಸಮುದಾಯಕ್ಕೂ ಕೊನೆಯ ಗಳಿಗೆಯ ತನ್ನದೇ ಅಗತ್ಯಗಳಿವೆ. ಕ್ರೈಸ್ತರು ಪಾದ್ರಿಗಳಿಂದ ಅಭ್ಯಂಗ ಸಂಸ್ಕಾರ ಬಯಸುತ್ತಾರೆ, ಮುಸ್ಲಿಮರು ಕಿವಿಯಲ್ಲಿ ಕಲಿಮಾ ಕೇಳಬಯಸುತ್ತಾರೆ. ಲಿಂಗಾಯತರಿಗೆ ಇಷ್ಟಲಿಂಗವು ದೇಹದಿಂದ ಅಗಲಬಾರದ ಅಂಗವಾಗಿದೆ. ಆದರೆ ಶಸ್ತ್ರಚಿಕಿತ್ಸೆ, ಎಂ.ಆರ್.ಐ. ಪರೀಕ್ಷೆ, ತೀವ್ರ ನಿಗಾ ಘಟಕಗಳಲ್ಲಿ ಕರಡಿಗೆಯನ್ನು ತೆಗೆಯಲು ಹೇಳುತ್ತಾರೆ. ದಾಖಲಾಗುವಾಗಲೇ ಇದರ ಮಹತ್ವವನ್ನು ದಾದಿಯರಿಗೆ ತಿಳಿಸಬೇಕು. ತೆಗೆಯಲೇಬೇಕಾದಾಗ ಅದನ್ನು ಕುಟುಂಬದ ಒಬ್ಬರ ಕೈಗೆ ಕೊಡಿಸಿ, ಪರೀಕ್ಷೆ ಮುಗಿದ ಕೂಡಲೇ ಮರಳಿಸಬೇಕು. ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಲು ಅಥವಾ ಅಂಗೈಯಲ್ಲಿ ಇರಿಸಲು ಅನುಮತಿ ಕೇಳಬಹುದು. ವಿನಯದಿಂದ ವಿವರಿಸಿದರೆ ಬಹುತೇಕ ಸಿಬ್ಬಂದಿ ಸಹಕರಿಸುತ್ತಾರೆ. ಸಮಾಧಿ ಕ್ರಿಯೆಯ ಬಗೆಗೂ ಕುಟುಂಬ ಮೊದಲೇ ತಿಳಿಸಿದ್ದರೆ ಕೊನೆಯಲ್ಲಿ ಗಡಿಬಿಡಿಯಾಗುವುದಿಲ್ಲ.

ಎರಡು ಅಪಾಯಗಳನ್ನು ತಪ್ಪದೆ ನೆನಪಿಡಬೇಕು. ಪ್ರಜ್ಞೆ ಮಸುಕಾದವರ ಬಾಯಿಗೆ ಪಾದೋದಕ, ತೀರ್ಥ ಅಥವಾ ಹಾಲನ್ನು ಹನಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಬಹುದು. ಒದ್ದೆ ಬಟ್ಟೆಯಿಂದ ತುಟಿ ತೋಯಿಸಿದರೆ ಸಾಕು. ಆಮ್ಲಜನಕ ಕೊಡುತ್ತಿರುವ ಕೋಣೆಯಲ್ಲಿ ದೀಪ, ಕರ್ಪೂರ, ಊದುಬತ್ತಿ ಹಚ್ಚಿದರೆ ಬೆಂಕಿ ಭುಗಿಲೇಳಬಹುದು. ಅಲ್ಲಿ ವಿಭೂತಿ ಧಾರಣೆ ಮತ್ತು ಮೆಲುದನಿಯ ಮಂತ್ರ ಸಾಕು.

ಕೊನೆಯ ದಿನಗಳಲ್ಲಿ ಅನ್ನ ಮತ್ತು ನೀರು

ಉಣಿಸುವುದು ನಮ್ಮಲ್ಲಿ ಪ್ರೀತಿಯ ಭಾಷೆ. ಆದ್ದರಿಂದ 'ಉಪವಾಸ ಕೆಡವಿ ಸಾಯಿಸಿದೆವೇನೋ' ಎಂಬ ಕೊರಗು ಅನೇಕರನ್ನು ಕಾಡುತ್ತದೆ. ಸಾವು ಸಮೀಪಿಸಿದಾಗ ಹಸಿವು, ಬಾಯಾರಿಕೆ ತಾವಾಗಿಯೇ ಇಳಿಯುತ್ತವೆ. ಅನ್ನವನ್ನು ಅರಗಿಸುವ ಶಕ್ತಿ ದೇಹಕ್ಕಿರುವುದಿಲ್ಲ. ಆಗ ಒತ್ತಾಯಿಸಿದರೆ ವಾಂತಿ, ಉಸಿರಾಟದ ತೊಂದರೆ, ಊತ ಹೆಚ್ಚುತ್ತವೆ. ರೋಗಿ ಉಣ್ಣದಿರುವುದರಿಂದ ಸಾಯುತ್ತಿಲ್ಲ. ಸಾವು ಸಮೀಪಿಸಿರುವುದರಿಂದ ಉಣ್ಣುತ್ತಿಲ್ಲ. ಕೇಳಿದಾಗ ಒಂದು ಚಮಚೆ ಗಂಜಿ, ಬಾಯಿ ಒಣಗದಂತೆ ಶುಚಿ ಮಾಡುವುದು, ತುಟಿಗೆ ತುಪ್ಪ ಸವರುವುದು, ಮಗ್ಗುಲು ಬದಲಿಸುವುದು, ಕೈ ಹಿಡಿದು ಕೂರುವುದು ಇವೇ ಆಗ ಅನ್ನದ ಸ್ಥಾನದಲ್ಲಿ ನಿಲ್ಲುವ ಸೇವೆಗಳು. ಮಾತು ನಿಂತ ಮೇಲೂ ಕೇಳಿಸುವ ಶಕ್ತಿ ಉಳಿದಿರಬಹುದು. ಹಾಸಿಗೆಯ ಬಳಿ ಆಸ್ತಿ, ವೆಚ್ಚಗಳ ಚರ್ಚೆ ಮಾಡಬಾರದು.

ಸಮುದಾಯ ಮಾಡಬಹುದಾದದ್ದು

ಮನೆಯಲ್ಲಿ ರೋಗಿಯಿದ್ದರೆ ಹೊರೆಯ ಬಹುಪಾಲು ಹೆಂಡತಿಯ, ಮಗಳ, ಸೊಸೆಯ ಮೇಲೆ ಬೀಳುತ್ತದೆ. ಅವರ ಬೆನ್ನುನೋವು, ನಿದ್ರೆಗೇಡು, ನಿಂತುಹೋದ ಕೂಲಿ ಯಾರ ಲೆಕ್ಕದಲ್ಲಿಯೂ ಬರುವುದಿಲ್ಲ. ದಾಸೋಹವನ್ನು ಅನ್ನಕ್ಕೆ ಮಾತ್ರ ಸೀಮಿತಗೊಳಿಸದೆ ಇಲ್ಲಿಗೂ ವಿಸ್ತರಿಸಬೇಕು. ಕಲ್ಲಿಕೋಟೆಯ ಅನುಭವ ಕಲಿಸುವ ಪಾಠವೂ ಇದೇ: ತಜ್ಞರು ಕಡಿಮೆಯಿದ್ದರೂ ತರಬೇತಿ ಪಡೆದ ನೆರೆಹೊರೆ ಇದ್ದರೆ ಆರೈಕೆ ನಿಲ್ಲುವುದಿಲ್ಲ. ವಾರದಲ್ಲಿ ಒಂದು ರಾತ್ರಿ ರೋಗಿಯ ಬಳಿ ಕುಳಿತು ಮನೆಯವರನ್ನು ನಿದ್ರಿಸಲು ಬಿಡುವುದು, ಒಂದು ಹೊತ್ತಿನ ಬುತ್ತಿ ಕಳುಹಿಸುವುದು, ಔಷಧ ತಂದುಕೊಡುವುದು, ಗಾಯ ತೊಳೆಯುವುದನ್ನು ದಾದಿಯರಿಂದ ಕಲಿಯುವುದು ಪ್ರತಿ ಗ್ರಾಮದ ಬಳಗಕ್ಕೂ ಸಾಧ್ಯ. ಸಾವಿನ ನಂತರ ಉಳಿದವರನ್ನು ವಿಚಾರಿಸುವುದೂ ಉಪಶಾಮಕ ಆರೈಕೆಯ ಭಾಗವೇ. ಕ್ರಿಯೆಗಳೆಲ್ಲ ಮುಗಿದು ಬಂಧುಗಳು ಚದುರಿದ ಮೇಲೆ ಬರುವ ಮೂರನೆಯ ತಿಂಗಳಿನ ಒಂಟಿತನವೇ ಹೆಚ್ಚು ಕಠಿಣ.

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಆರೋಗ್ಯವಾಗಿರುವಾಗಲೇ, ಮನೆಯ ಹಿರಿಯರೆಲ್ಲ ಸೇರಿರುವ ಒಂದು ಸಂಜೆ, ಈ ವಿಷಯವನ್ನು ಮಾತನಾಡಿರಿ. ಅವರಿಗೆ ಏನು ಬೇಕು, ಏನು ಬೇಡ, ಎಲ್ಲಿ ಇರಲು ಇಷ್ಟ ಎಂಬುದನ್ನು ಕೇಳಿ ಬರೆದಿಡಿರಿ. ಮರಣದ ಮಾತು ಅಶುಭವೆಂಬ ಸಂಕೋಚ ಬೇಡ. ಕೇಳದೆ ಬಿಟ್ಟ ಆ ಒಂದು ಪ್ರಶ್ನೆಗೆ ಮುಂದೆ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು, ಅವರ ಪರವಾಗಿ ಊಹಿಸಿ ಉತ್ತರಿಸಬೇಕಾದೀತು. ವೈದ್ಯಕೀಯ ಹಾಗೂ ಕಾನೂನಿನ ನಿರ್ದಿಷ್ಟ ಸಲಹೆಗೆ ತಮ್ಮ ವೈದ್ಯರನ್ನೂ ವಕೀಲರನ್ನೂ ಕಾಣಬೇಕೆಂದು ಕೋರುತ್ತೇವೆ.